ಅಕ್ಕ-ತಂಗಿ ಇಬ್ಬರಿಗೂ ಶುಗರ್, ಕಣ್ಣು ಹೋದದ್ದು ಒಬ್ಬಾಕಿದ್ದ

ಭಾಗ 1

ಹೋದ ಸರಣಿ ಗೋಳಗುಮ್ಮಟದ್ದಿತ್ತು. ಈ ಸಲ ಸುಲ್ತಾನರಿಲ್ಲ, ಯುದ್ಧ ಇಲ್ಲ. ಒಂದು ಪ್ರಶ್ನೆಯ ಇತಿಹಾಸ ಅದ. ಒಟ್ಟು ಏಳು ಭಾಗ. ಉದ್ದ ಆಗ್ತದ, ಸೇವ್ ಮಾಡಿಟ್ಕೊಂಡು ಕಾಲೇಜ್ ಬಸ್ಸಿನಾಗ ಓದ್ರಿ.

ಮೊದಲನೇ ಫೋಟೋ ನೋಡ್ರಿ. ಝಳಕಿಯ ನಮ್ಮ ಮನಿ ಕಟ್ಟಿ ಮ್ಯಾಲ ಇಬ್ಬರು ಕುಂತಾರ. ಎಡಕ್ಕಿರೋದು ನಮ್ಮ ಆಯಿ, ಅಪ್ಪನ ಅವ್ವ. ಬಲಕ್ಕ ಆಕಿ ತಂಗಿ, ನಾವು ಸಣ್ಣಾಯಿ ಅಂತೀವಿ. ಇಬ್ಬರಿಗೂ ಶುಗರ್ ಬಂದು ಇಪ್ಪತ್ತು ವರ್ಷದ ಮ್ಯಾಲಾತು. ಆಯಿ ಗುಳಿಗಿ ತಪ್ಪಿಸಿದಾಕಿ ಅಲ್ಲ. ಸಣ್ಣಾಯಿ ಮಾತ್ರ ಇವತ್ತಿಗೂ ಸಕ್ರಿ ಚಹಾ ಕುಡೀತಾಳ, ಹಬ್ಬಕ್ಕ ಶೇಂಗಾ ಹೋಳಿಗಿ ಎರಡು ಹೆಚ್ಚಿಗೇ ತಿಂತಾಳ. ಆದ್ರ ಸೂಜಿಗೆ ದಾರ ಪೋಣಿಸೋದು ಸಣ್ಣಾಯಿ. ಆಯಿಗೆ ಈಗ ಬೆಳಕು-ಕತ್ತಲು ಅಷ್ಟ ಗೊತ್ತಾಗ್ತದ.

ಇದು ಹಣೇಬರ ಅಂತ ಮನ್ಯಾಗ ಎಲ್ಲಾರೂ ಬಿಟ್ಟಿದ್ದರು. ನಾನೂ ಬಿಟ್ಟಿದ್ದೆ. ಆದ್ರ ಒಂದು ತಿಂಗಳ ಹಿಂದ ನಮ್ಮ ಅಕ್ಕನ್ನ ನೋಡಾಕ ಬಂದಿದ್ದರು. ಅವಲಕ್ಕಿ, ಚಹಾ ಎಲ್ಲಾ ಆತು, ನಕ್ಕೋತ ಹೋದರು. ಎಂಟು ದಿನ ಬಿಟ್ಟು ನಡುವಿನವರ ಕಡೆಯಿಂದ ಮಾತು ಬಂತು: "ಅವರ ವಂಶದಾಗ ಕಣ್ಣು ಹೋಗೋ ರೋಗ ಐತೆಂತ." ಅಲ್ಲಿಗೆ ಮುಗೀತು. ಅಕ್ಕ ಏನೂ ಅನ್ನಲಿಲ್ಲ, ಹಿತ್ತಲಿಗೆ ಹೋಗಿ ಭಾಂಡೆ ತೊಳೆದಳು. ಅಪ್ಪನೂ ಏನೂ ಅನ್ನಲಿಲ್ಲ. ಅಪ್ಪಗೂ ಶುಗರ್ ಬಂದು ಆರು ವರ್ಷ. ಒಂದು ಸಲನೂ ಕಣ್ಣು ತೋರಿಸಿಲ್ಲ.

‘ವಂಶದಾಗ ಐತಿ’ ಅನ್ನೋ ಮಾತು ಎಷ್ಟು ಖರೆ? ನಾನು ಬಿಕಾಂ ಹುಡುಗ, ಡಾಕ್ಟರ್ ಅಲ್ಲ. ಆದ್ರ ಈ ಪ್ರಶ್ನೆಗೆ ಸುಮಾರು ನೂರೆಪ್ಪತ್ತು ವರ್ಷದ ಇತಿಹಾಸ ಅದ ಅಂತ ಗೊತ್ತಾದ ಮ್ಯಾಲ ಬಿಡಾಕ ಆಗಲಿಲ್ಲ.

ಭಾಗ 2

ಮೊದಲು ನಮ್ಮ ಊರಿನ ಕಡೆಯಿಂದ ಶುರು ಮಾಡೋಣ. ಆಯಿಗೆ ಮಂಜಾಗಾಕತ್ತಿದಾಗ ಎಲ್ಲಾರೂ ಹೇಳಿದ್ದು ಒಂದ: "ಪೊರಿ ಬಂದೈತಿ, ಆಪರೇಷನ್ ಮಾಡಿಸ್ರಿ." ಒಂದು ಕ್ಯಾಂಪಿನಾಗ ಮಾಡಿಸಿದರು. ಪೊರಿ ಇದ್ದದ್ದು ಖರೆ, ತಗದರು, ಆದ್ರೂ ಮಂಜು ಹೋಗಲಿಲ್ಲ. ಮತ್ತ ಎರಡು ವರ್ಷ ಕನ್ನಡಕ ಬದಲಿ ಮಾಡೋದರಾಗ ಹೋತು. ರೆಟಿನಾ ನೋಡಬೇಕು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಮ್ಮ ಕಡೆ ಕಣ್ಣು ಅಂದ್ರ ಪೊರಿ ಅಂತ ಯಾಕ ತಲಿಯಾಗ ಕುಂತದ? ಇದಕ್ಕೂ ಒಂದು ಹೆಮ್ಮೆಯ ಇತಿಹಾಸ ಅದ. ಡಾ. ಎಂ. ಸಿ. ಮೋದಿ ಅಂತ ಹಿರೇರು ಹೆಸರು ತಗೀತಾರಲ್ಲ, ಅವರು ಹುಟ್ಟಿದ್ದು 1916ರಲ್ಲಿ ಬೀಳಗಿಯಲ್ಲಿ. ಈಗ ಅದು ಬಾಗಲಕೋಟೆ ಜಿಲ್ಲೆ, ಆಗ ನಮ್ಮ ವಿಜಾಪುರ ಜಿಲ್ಲೆ. 1940ರ ದಶಕದಿಂದ ಊರೂರು ತಿರುಗಿ, ಶಾಲೆ, ಗುಡಿ, ಛತ್ರಗಳಲ್ಲಿ ಸಾಲಾಗಿ ಮಲಗಿಸಿ ಪೊರೆ ತೆಗೆದವರು. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದು ಗಿನ್ನೆಸ್ ದಾಖಲೆಯಲ್ಲಿದೆ. ಜೀವಮಾನದಲ್ಲಿ ಐದು ಲಕ್ಷಕ್ಕೂ ಹೆಚ್ಚು. 1968ರಲ್ಲಿ ಪದ್ಮಭೂಷಣ. 2005ರಲ್ಲಿ ತೀರಿಕೊಂಡರು. ಕುರುಡರಾಗಿ ಬಂದವರು ಪಟ್ಟಿ ಬಿಚ್ಚಿದ ಮೇಲೆ ಮೊಮ್ಮಕ್ಕಳ ಮುಖ ನೋಡಿದ ಕತೆ ನಮ್ಮ ಭಾಗದ ಎಷ್ಟೋ ಮನೆಯಲ್ಲಿ ಸಿಗ್ತದ.

ಆ ಒಳ್ಳೆ ಕೆಲಸವೇ ನಮಗೊಂದು ರೂಢಿ ಕಲಿಸಿಬಿಟ್ಟಿತು ಅಂತ ನನಗನ್ನಸ್ತದ. ಕಣ್ಣು ಮಂಜಾಗೋತನಕ ಕಾಯಿ, ಕ್ಯಾಂಪ್ ಬರ್ತದ, ತಗೀತಾರ, ಕಾಣಸ್ತದ. ಪೊರೆಗೆ ಈ ಲೆಕ್ಕ ಸರಿ. ಶುಗರ್ ಕಣ್ಣಿಗೆ ಮಾತ್ರ ಈ ಲೆಕ್ಕ ತಪ್ಪು, ಯಾಕಂದ್ರ ಅಲ್ಲಿ ಮಂಜಾಗೋದು ಶುರುವಾತಲ್ಲ, ಕೊನೇ ಹಂತದ ಹತ್ತಿರ.

ಏನಾಗ್ತದ ಅಂದ್ರ, ಕಣ್ಣಿನ ಹಿಂಭಾಗದಾಗ ರೆಟಿನಾ ಅನ್ನೋ ತೆಳು ಪರದೆ ಇರ್ತದ. ಅದಕ್ಕ ಕೂದಲಿಗಿಂತ ಸಣ್ಣ ರಕ್ತನಾಳಗಳು. ಇಂಡಿ ಕಡೆ ನಿಂಬಿ ತೋಟದ ಡ್ರಿಪ್ ಪೈಪ್ ನೆನಸ್ಕೊಳ್ರಿ. ಸಕ್ಕರೆ ಹೆಚ್ಚಾದ ರಕ್ತ ವರ್ಷಗಟ್ಟಲೆ ಹರಿದು ಆ ಪೈಪಿನ ಗೋಡೆ ಸಡಿಲಾಗ್ತದ. ಕೆಲವು ಕಡೆ ಸೋರ್ತದ, ಪರದೆ ಉಬ್ಬತದ. ಕೆಲವು ಕಡೆ ಕಟ್ಟಿಕೊಂಡು ರಕ್ತ ಹೋಗೋದ ಇಲ್ಲ. ಆಗ ಹಸಿದ ರೆಟಿನಾ ವಿಇಜಿಎಫ್ ಅನ್ನೋ ಪ್ರೋಟೀನ್ ಕಳಿಸಿ ಹೊಸ ನಾಳ ಬೆಳೆಸ್ತದ. ಆ ಹೊಸ ನಾಳ ಭಾಳ ನಾಜೂಕು, ಒಡೀತಾವ, ಕಣ್ಣಿನ ಒಳಗ ರಕ್ತ ತುಂಬ್ತದ. ಇದೆಲ್ಲಾ ನಡಿಯೋವಾಗ ನೋವು ಇಲ್ಲ, ಕೆಂಪಾಗೋದಿಲ್ಲ. ಇದಕ್ಕ ಡಯಾಬಿಟಿಕ್ ರೆಟಿನೋಪತಿ ಅಂತಾರ.

ಭಾಗ 3

ಈಗ ಹಿಂದಕ್ಕ ಹೋಗೋಣ. ಭಾಳ ಹಿಂದಕ್ಕ.

ಸುಶ್ರುತ ಸಂಹಿತೆಯಲ್ಲಿ ಪ್ರಮೇಹವನ್ನು, ಅಂದ್ರ ಇವತ್ತಿನ ಸಕ್ಕರೆ ಕಾಯಿಲೆಗೆ ಹತ್ತಿರದ ರೋಗವನ್ನು, ಎರಡು ಥರ ಮಾಡಿದ್ದಾರೆ. ಒಂದು ಹುಟ್ಟಿನಿಂದ ಬರೋದು, ತಂದೆ-ತಾಯಿಯ ಬೀಜದ ದೋಷದಿಂದ. ಇನ್ನೊಂದು ತಪ್ಪು ಆಹಾರ-ವಿಹಾರದಿಂದ. ವಂಶವೋ ನಡತೆಯೋ ಅನ್ನೋ ಜಗಳ ಅಷ್ಟು ಹಳೇದು.

ಆದ್ರ ಜೀವಂತ ಮನುಷ್ಯನ ಕಣ್ಣಿನ ಒಳಗೆ ನೋಡೋ ಸಾಧನ ಬಂದದ್ದು 1851ರ ಹೊತ್ತಿಗೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಮಾಡಿದ ಆಫ್ತಾಲ್ಮೋಸ್ಕೋಪ್ ಅದು. ನಾಲ್ಕೈದು ವರ್ಷದೊಳಗೆ ವಿಯೆನ್ನಾದ ಎಡ್ವರ್ಡ್ ಯೇಗರ್ ಒಬ್ಬ ಸಕ್ಕರೆ ರೋಗಿಯ ರೆಟಿನಾದಲ್ಲಿ ಹಳದಿ ಕಲೆ, ರಕ್ತದ ಚುಕ್ಕೆ ನೋಡಿ ಬರೆದ. ಆ ಕಾಲದ ದೊಡ್ಡ ಕಣ್ಣಿನ ವೈದ್ಯ ಫಾನ್ ಗ್ರೇಫೆ ಒಪ್ಪಲಿಲ್ಲ. ಶುಗರ್‌ಗೂ ಇದಕ್ಕೂ ಸಂಬಂಧ ಇದೆ ಅನ್ನೋಕೆ ಪುರಾವೆ ಇಲ್ಲ ಅಂದ. ಈ ಜಗಳ ಪೂರ್ತಿ ತೀರಿದ್ದು 1940ರ ದಶಕದಲ್ಲಿ, ಗ್ಲ್ಯಾಸ್ಗೋದ ಬ್ಯಾಲಂಟೈನ್ ಇದು ಬಿಪಿ ಕಣ್ಣಲ್ಲ, ಬೇರೆಯದೇ ರೋಗ ಅಂತ ತೋರಿಸಿದ ಮೇಲೆ. ತೊಂಬತ್ತು ವರ್ಷ! ನಮ್ಮ ಊರಾಗ ಎರಡು ವರ್ಷ ಕನ್ನಡಕ ಬದಲಿ ಮಾಡಿದ್ದಕ್ಕ ನಾನು ಯಾರ ಮ್ಯಾಲೂ ಜಾಸ್ತಿ ಸಿಟ್ಟಾಗೋದಿಲ್ಲ.

ನಡುವ ಒಬ್ಬ ಮನುಷ್ಯ ನನಗ ಭಾಳ ಸೇರಿದ. ಲಂಡನ್‌ನ ಎಡ್ವರ್ಡ್ ನೆಟ್ಲ್‌ಶಿಪ್. 1872ರಲ್ಲಿ ಶುಗರ್‌ನಿಂದ ರೆಟಿನಾ ಉಬ್ಬೋದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪ್ರಕಟಿಸಿದ. ರಿಟೈರ್ ಆದ ಮೇಲೆ ಸುಮ್ಮನೆ ಕೂರದೆ, ವಂಶದಲ್ಲಿ ಇಳಿದು ಬರೋ ಕಣ್ಣಿನ ರೋಗಗಳ ಬೆನ್ನು ಹತ್ತಿದ. 1907ರಲ್ಲಿ ಫ್ರಾನ್ಸ್‌ನ ನೂಗಾರೆ ಅನ್ನೋ ಮನೆತನದ ವಂಶವೃಕ್ಷ ಪ್ರಕಟಿಸಿದ. 1637ರಲ್ಲಿ ಹುಟ್ಟಿದ ಒಬ್ಬ ಕಟುಕನಿಂದ ಶುರುವಾಗಿ ಎರಡು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ. ಯಾರಿಗೆ ಇರುಳುಗುರುಡು ಇತ್ತು, ಯಾರಿಗೆ ಇರಲಿಲ್ಲ ಅಂತ. ಅಲ್ಲಿ ಲೆಕ್ಕ ಸ್ವಚ್ಛ. ಒಂದೇ ಜೀನ್. ಅಪ್ಪಗೋ ಅವ್ವಗೋ ಇದ್ರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ.

ಒಬ್ಬನೇ ಮನುಷ್ಯ ಎರಡನ್ನೂ ನೋಡಿದ: ವಂಶದ ಕಣ್ಣಿನ ರೋಗ, ಶುಗರ್ ಕಣ್ಣಿನ ರೋಗ. ಇವೆರಡೂ ಬೇರೆ. ಅಕ್ಕನ ವಿಷಯದಾಗ ಗೊಂದಲ ಆದದ್ದು ಇಲ್ಲೇ ಅನ್ನಸ್ತದ. ನಮ್ಮ ಕಡೆ ಸೋದರಿಕೆ ಮದುವಿ ಜಾಸ್ತಿ. 1980ರ ದಶಕದಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಒಂದು ಲಕ್ಷಕ್ಕೂ ಹೆಚ್ಚು ಕೂಸುಗಳ ತಪಾಸಣೆ ನಡೆದಾಗ, ಹೆಚ್ಚುಕಡಿಮೆ ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದ್ದೇ ಇತ್ತು. ಅಂಥ ಮದುವೆಯಲ್ಲಿ ಎರಡೂ ಕಡೆಯಿಂದ ಒಂದೇ ಕೆಟ್ಟ ಜೀನ್ ಸೇರಿದ್ರೆ, ಸಣ್ಣ ವಯಸ್ಸಿನಲ್ಲೇ ರೆಟಿನಾ ಸವೆಯುವ ಕೆಲವು ರೋಗ ಬರೋದು ಖರೆ. ಜನ ಅದನ್ನ ನೋಡ್ಯಾರ. ಹಂಗಾಗಿ ‘ವಂಶದಾಗ ಕಣ್ಣು ಹೋಗತಾವ’ ಅಂದ ಕೂಡ್ಲೇ ಹೆದರ್ತಾರ. ಆಯಿಯ ಕಣ್ಣು ಆ ಜಾತಿದಲ್ಲ.

ಭಾಗ 4

ಹಂಗಾದ್ರ ಆಯಿಯ ಕಣ್ಣಿನಾಗ ವಂಶದ ಪಾಲು ಏನೂ ಇಲ್ಲೇನು? ಇದಕ್ಕ ಉತ್ತರ ಸಿಗಾಕ ಮೊದಲು ಶುಗರ್ ಇದ್ದವರು ಬದುಕಬೇಕಿತ್ತು. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನೋ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಕೊಟ್ಟರು. ಅದಕ್ಕೂ ಮುಂಚೆ ಶುಗರ್ ಬಂದ ಮಕ್ಕಳು ಒಂದೆರಡು ವರ್ಷದಲ್ಲೇ ಹೋಗ್ತಿದ್ದರು, ಕಣ್ಣು ಕೆಡೋತನಕ ಉಳೀತಿರಲಿಲ್ಲ. ಇನ್ಸುಲಿನ್ ಬದುಕಿಸಿತು. ಇಪ್ಪತ್ತು, ಮೂವತ್ತು ವರ್ಷ ಬದುಕಿದವರ ಕಣ್ಣು ಹೋಗತೊಡಗಿದವು.

ಆಗ ಎಲ್ಲಾ ಕಡೆ ಆಯಿ-ಸಣ್ಣಾಯಿ ಥರದ ಜೋಡಿ ಕಾಣಾಕ ಶುರುವಾದವು. ಅಷ್ಟೇ ವರ್ಷದ ಶುಗರ್, ಅಂಥದ್ದೇ ಔಷಧ, ಒಬ್ಬರಿಗೆ ಏನೂ ಆಗಿಲ್ಲ.

ಲಂಡನ್‌ನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಡೇವಿಡ್ ಪೈಕ್ ಅನ್ನೋ ವೈದ್ಯರು 1960ರ ದಶಕದಿಂದ ಒಂದು ವಿಚಿತ್ರ ಸಂಗ್ರಹ ಶುರು ಮಾಡಿದರು. ತದ್ರೂಪಿ ಅವಳಿಗಳದ್ದು. ಒಂದೇ ಜೀನ್, ಎರಡು ದೇಹ. ಒಬ್ಬರಿಗೆ ಶುಗರ್ ಇರೋ ಅವಳಿ ಸಿಕ್ಕರೆ ಇನ್ನೊಬ್ಬರನ್ನೂ ವರ್ಷಗಟ್ಟಲೆ ಹಿಂಬಾಲಿಸೋದು. 1982ರಲ್ಲಿ ಅವರೂ ಡೇವಿಡ್ ಲೆಸ್ಲಿಯೂ ಕಣ್ಣಿನ ಫಲಿತಾಂಶ ಪ್ರಕಟಿಸಿದರು. ದೊಡ್ಡವರಾದ ಮೇಲೆ ಬರೋ ಟೈಪ್ 2 ಶುಗರ್, ಅಂದ್ರ ನಮ್ಮ ಆಯಿಗೆ ಇರೋದು, ಇಬ್ಬರಿಗೂ ಬಂದಿದ್ದ 37 ಜೋಡಿ ಇದ್ದವು. ಅದರಲ್ಲಿ 35 ಜೋಡಿಯ ಕಣ್ಣು ಹೆಚ್ಚುಕಡಿಮೆ ಒಂದೇ ಥರ. ಸಣ್ಣ ವಯಸ್ಸಿನಲ್ಲಿ ಬರೋ ಟೈಪ್ 1ರಲ್ಲಿ 31ಕ್ಕೆ 21 ಜೋಡಿ.

ನಾನು ಇದನ್ನ ಓದಿದಾಗ ಮನಸ್ಸಿಗೆ ಕೆಡಕು ಅನಸ್ತು. 37ಕ್ಕೆ 35 ಅಂದ್ರ ನಡುವಿನವರು ಹೇಳಿದ್ದ ಖರೆ ಆತಲ್ಲ ಅಂತ. ಆದ್ರ ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಡಂ ಹೇಳೋದು ನೆನಪಾತು: ಎರಡು ಸಂಖ್ಯೆ ಒಟ್ಟಿಗೆ ಏರಿದ್ರ ಮೂರನೇದು ಏನರೆ ಎರಡನ್ನೂ ಎಳದಿರಬಹುದು. ಅವಳಿಗಳು ಜೀನ್ ಅಷ್ಟ ಹಂಚ್ಕೊಂಡಿರೋದಿಲ್ಲ. ಒಂದ ಒಲಿ, ಒಂದ ರೂಢಿ, ಶುಗರ್ ಬಂದ ವಯಸ್ಸೂ ಹತ್ತಿರ-ಹತ್ತಿರ.

ಇದನ್ನ ಬಿಡಿಸಾಕ ದೊಡ್ಡ ಅಧ್ಯಯನ ಬೇಕಾದವು. 1993ರಲ್ಲಿ ಅಮೆರಿಕ-ಕೆನಡಾದ ಡಿಸಿಸಿಟಿ ಅನ್ನೋ ಅಧ್ಯಯನ 1,441 ಜನರನ್ನು ನೋಡಿ ಒಂದು ಮಾತು ಗಟ್ಟಿ ಮಾಡಿತು: ಶುಗರ್ ಬಿಗಿಯಾಗಿ ಹಿಡಿದವರಲ್ಲಿ ಕಣ್ಣಿನ ರೋಗ ಹೊಸದಾಗಿ ಶುರುವಾಗೋ ಅಪಾಯ ನೂರಕ್ಕೆ 76ರಷ್ಟು ಕಡಿಮೆ. ಇದು ಜೀನ್ ಅಲ್ಲ, ಕೈಯಲ್ಲಿರೋದು. ಅದೇ ಅಧ್ಯಯನದವರು 1997ರಲ್ಲಿ ರೋಗಿಗಳ ಮನೆಯವರನ್ನೂ ನೋಡಿದರು. ಒಬ್ಬರಿಗೆ ಕಣ್ಣಿನ ರೋಗ ಇದ್ದರೆ, ಶುಗರ್ ಇರೋ ಅವರ ಹತ್ತಿರದ ರಕ್ತಸಂಬಂಧಿಗೆ ತೀವ್ರ ರೂಪದಲ್ಲಿ ಬರೋ ಸಾಧ್ಯತೆ ಸುಮಾರು ಮೂರು ಪಟ್ಟು. ಎರಡೂ ಖರೆ, ಒಂದೇ ಅಧ್ಯಯನದಿಂದ.

ಭಾಗ 5

ಇದೆಲ್ಲಾ ಬಿಳಿ ಜನರ ಲೆಕ್ಕ ಅನ್ನಬ್ಯಾಡ್ರಿ. ಚೆನ್ನೈನಲ್ಲಿ ಡಾ. ವಿ. ಮೋಹನ್, ಡಾ. ಎಂ. ರೇಮಾ ಅವರ ತಂಡ ದಕ್ಷಿಣ ಭಾರತದ ಕುಟುಂಬಗಳನ್ನೇ ನೋಡಿ 2002ರಲ್ಲಿ ಪ್ರಕಟಿಸಿತು. ಎಲ್ಲಾರೂ ಟೈಪ್ 2. ಅಣ್ಣ-ತಮ್ಮ ಅಕ್ಕ-ತಂಗಿಯರಲ್ಲಿ ಒಬ್ಬರಿಗೆ ರೆಟಿನೋಪತಿ ಇದ್ದರೆ ಶುಗರ್ ಇರೋ ಇನ್ನೊಬ್ಬರಿಗೂ ಬರೋ ಸಾಧ್ಯತೆ ಸುಮಾರು ಮೂರೂವರೆ ಪಟ್ಟು. ಶುಗರ್ ಎಷ್ಟು ವರ್ಷದ್ದು, ಎಷ್ಟು ಹತೋಟಿಯಲ್ಲಿದೆ ಅನ್ನೋದನ್ನು ಲೆಕ್ಕಕ್ಕೆ ಹಿಡಿದ ಮೇಲೂ.

ಸಣ್ಣಾಯಿಗೆ ಇದನ್ನ ಹೇಳಿದೆ. "ಮೂರೂವರಿ ಅಂದ್ರ? ನಂದು ಇನ್ನಾ ಹೋಗತಾವೇನು?" ಅಂದಳು. ಇಲ್ಲಿ ಎಲ್ಲಾರೂ ತಪ್ಪು ತಿಳ್ಕೋತಾರ. ಪಟ್ಟು ಅನ್ನೋದು ಭವಿಷ್ಯ ಅಲ್ಲ. ಅಕ್ಕ-ತಂಗಿ ಸರಾಸರಿ ಅರ್ಧ ಜೀನ್ ಹಂಚಿಕೊಂಡಿರ್ತಾರ, ಯಾವ ಅರ್ಧ ಅನ್ನೋದು ಲಾಟರಿ. ಆಯಿಗೆ ಬಂದ ಚೀಟಿ ಸಣ್ಣಾಯಿಗೆ ಬಂದಿಲ್ಲದಿರಬಹುದು. ಇಲ್ಲ, ಕಾಯೋ ಚೀಟಿ ಏನರೆ ಬಂದಿರಬಹುದು.

ಕಾಯೋ ಚೀಟಿ ಅನ್ನೋದು ಸುಮ್ಮನ ಮಾತಲ್ಲ. ಬಾಸ್ಟನ್‌ನ ಜೋಸ್ಲಿನ್ ಸಂಸ್ಥೆ 1970ರಿಂದ ಇನ್ಸುಲಿನ್ ಮೇಲೆ 50 ವರ್ಷ ಬದುಕಿದವರಿಗೆ ಪದಕ ಕೊಡ್ತದ. ಆ ಪದಕದವರ ಕಣ್ಣು ನೋಡಿದರೆ, ನೂರರಲ್ಲಿ 40ಕ್ಕಿಂತ ಹೆಚ್ಚು ಜನರಿಗೆ ಐವತ್ತು ವರ್ಷದ ನಂತರವೂ ಹೊಸ ನಾಳ ಬೆಳೆಯೋ ಆ ಕೊನೇ ಹಂತ ಬಂದಿರಲಿಲ್ಲ. ಅವರ ಶುಗರ್ ಹತೋಟಿ ಉಳಿದವರಿಗಿಂತ ಛಲೋ ಇತ್ತು ಅಂತಲೂ ಅಲ್ಲ. 2019ರಲ್ಲಿ ಅಂಥವರ ರೆಟಿನಾದಲ್ಲಿ ಆರ್‌ಬಿಪಿ3 ಅನ್ನೋ ಪ್ರೋಟೀನ್ ಹೆಚ್ಚಿರೋದು ಕಂಡಿತು. ನನ್ನ ಪ್ರಕಾರ ಇಡೀ ಇತಿಹಾಸದಾಗ ಭಾಳ ಛಂದ ಪುಟ ಇದು. ನೂರು ವರ್ಷ ಎಲ್ಲಾರೂ ಯಾರ ಕಣ್ಣು ಯಾಕ ಹೋತು ಅಂತ ಕೇಳಿದರು. ಇವರು ಯಾರ ಕಣ್ಣು ಯಾಕ ಉಳೀತು ಅಂತ ಕೇಳಿದರು. ಸಣ್ಣಾಯಿ ಅಮೆರಿಕಾದಾಗ ಹುಟ್ಟಿದ್ದರ ಆಕಿಗೂ ಒಂದು ಪದಕ ಸಿಗ್ತಿತ್ತೇನೋ, ಹೋಳಿಗಿ ತಿಂದದ್ದಕ್ಕ.

(ತಮಾಷೆಗೆ ಅಂದೆ. ಹೋಳಿಗಿ ತಿನ್ರಿ ಅಂತ ನಾನು ಹೇಳಿಲ್ಲ. ಕಮೆಂಟಿನಾಗ ಬೈಬ್ಯಾಡ್ರಿ.)

ಭಾಗ 6

ಹಂಗಾದ್ರ ಆ ಜೀನ್ ಯಾವುದು? ಇಲ್ಲಿಂದ ಕತಿ ಪೊಲೀಸ್ ತನಿಖೆ ಇದ್ದಂಗ.

ಮೊದಲು ಅನುಮಾನ ಇದ್ದವರನ್ನ ಹಿಡಿದರು. ಸಕ್ಕರೆಯನ್ನು ಜೀವಕೋಶದೊಳಗೆ ಸಾರ್ಬಿಟಾಲ್ ಮಾಡೋ ಆಲ್ಡೋಸ್ ರಿಡಕ್ಟೇಸ್ ಅನ್ನೋ ಕಿಣ್ವದ ಜೀನ್ ಮೇಲೆ ಮೊದಲ ಕಣ್ಣು. 1995ರಲ್ಲಿ ಹಾಂಗ್‌ಕಾಂಗ್‌ನವರು ಅದರ ‘ಜಡ್ ಮೈನಸ್ 2’ ಅನ್ನೋ ರೂಪ ಇರೋರಿಗೆ ಕಣ್ಣಿನ ರೋಗ ಬೇಗ ಬರ್ತದ ಅಂದರು. 2003ರಲ್ಲಿ ಚೆನ್ನೈನ ಶಂಕರ ನೇತ್ರಾಲಯದ ಕುಮಾರಮಾಣಿಕ್ಕವೇಲ್ ತಂಡ ಭಾರತದ ರೋಗಿಗಳಲ್ಲೂ ಅದನ್ನು ಹುಡುಕಿತು. ವಿಇಜಿಎಫ್ ಜೀನ್ ಮೇಲೂ ತನಿಖೆ ಆಯಿತು. 2008ರಲ್ಲಿ ಎರಿತ್ರೊಪೊಯೆಟಿನ್ ಅನ್ನೋ ಹಾರ್ಮೋನಿನ ಜೀನ್ ಸಿಕ್ಕಿಬಿತ್ತು. ಒಂದು ಊರಿನಲ್ಲಿ ಆರೋಪಿ, ಇನ್ನೊಂದು ಊರಿನಲ್ಲಿ ನಿರಪರಾಧಿ. ಹಂಗ ನಡೀತು.

ಆಮೇಲೆ ಇಡೀ ಜೀನೋಮ್ ಒಂದೇ ಸಲ ಜಾಲಾಡೋ ಪದ್ಧತಿ ಬಂತು. ಎತ್ತರಕ್ಕ, ಟೈಪ್ 2 ಶುಗರ್‌ಗ ನೂರಾರು ಗುರುತು ಸಿಕ್ಕವು. ಶುಗರ್ ಕಣ್ಣಿಗೆ ಮಾತ್ರ ಬಲೆ ಹೆಚ್ಚುಕಡಿಮೆ ಖಾಲಿ ಬಂತು. 2019ರಲ್ಲಿ ಹಲವು ದೇಶದ ತಂಡಗಳು ಸೇರಿ ಮಾಡಿದ ದೊಡ್ಡ ಅಧ್ಯಯನದಲ್ಲೂ ಎಲ್ಲ ಜನಾಂಗಕ್ಕೂ ಒಪ್ಪೋ ಒಂದು ಗಟ್ಟಿ ಜೀನ್ ಸಿಗಲಿಲ್ಲ. ಆದ್ರ ಕುಟುಂಬಗಳ ಲೆಕ್ಕದಲ್ಲಿ ವಂಶದ ಪಾಲು ಶೂನ್ಯ ಅಲ್ಲ. ಒಂದು ಅಮೆರಿಕನ್ ಅಧ್ಯಯನ ನೂರಕ್ಕೆ 27 ಅಂದರೆ, ತೀವ್ರ ರೂಪಕ್ಕೆ ಫಿನ್‌ಲ್ಯಾಂಡ್‌ನದ್ದು 52 ಅಂತು. ಇದರ ಅರ್ಥ ಏನಂದ್ರ, ಒಬ್ಬ ಕಳ್ಳ ಇಲ್ಲ. ನೂರಾರು ಸಣ್ಣ ಕೈ, ಒಂದೊಂದೂ ಚಿಲ್ಲರೆ ಕದ್ದವು.

ಬಿಕಾಂ ಭಾಷೆಯಾಗ ಹೇಳ್ತೀನಿ, ನಮ್ಮ ಕ್ಲಾಸಿನವರಿಗೆ ತಟ್ಟನ ತಿಳೀತದ. ಜೀನ್ ಅಂದ್ರ ಆರಂಭಿಕ ಶಿಲ್ಕು. ಒಬ್ಬರಿಗೆ ಹೆಚ್ಚಿಗೆ ಬಂದಿರ್ತದ, ಒಬ್ಬರಿಗೆ ಸಾಲದ ಸಮೇತ ಬಂದಿರ್ತದ. ಆದ್ರ ವರ್ಷದ ಕೊನೆಗೆ ಖಾತೆ ಹೆಂಗ ಕೂಡ್ತದ ಅನ್ನೋದು ನಡುವಿನ ಜಮಾ-ಖರ್ಚಿನ ಮ್ಯಾಲ: ಶುಗರ್ ಎಷ್ಟು ವರ್ಷದಿಂದ ಅದ, ಎಷ್ಟಿರ್ತದ, ಬಿಪಿ ಎಷ್ಟು, ಕಿಡ್ನಿ ಹೆಂಗದ. ಬರೇ ಶಿಲ್ಕು ನೋಡಿ ದಿವಾಳಿ ಅಂತ ಬರೆದ್ರ ಯಾವ ಆಡಿಟರ್ ಒಪ್ತಾನ್ರಿ?

ಇನ್ನೊಂದು ಮಾತು. ಇಂಥ ಅಧ್ಯಯನಗಳಲ್ಲಿ ಜಾಸ್ತಿ ಇರೋದು ಯುರೋಪ್ ಮೂಲದವರ ರಕ್ತ. ಶುಗರ್ ಇರೋರು ಮಾತ್ರ ನಮ್ಮಲ್ಲಿ 10 ಕೋಟಿ, 2023ರ ಐಸಿಎಂಆರ್ ಲೆಕ್ಕ. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಮುಂದಾಳಾಗಿ ನಡೆಸಿದ ‘ಜೀನೋಮ್ ಇಂಡಿಯಾ’ ಯೋಜನೆಯಲ್ಲಿ 10,000 ಭಾರತೀಯರ ಜೀನೋಮ್ ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿದ್ದಾರೆ. ಕಣ್ಣಿಗಂತಲೇ ಮಾಡಿದ್ದಲ್ಲ. ಆದ್ರ ಮುಂದೆ ನಮ್ಮವರ ಕಣ್ಣಿನ ಲೆಕ್ಕ ಮಾಡೋರಿಗೆ ಹೋಲಿಸಿ ನೋಡಾಕ ನಮ್ಮದೇ ಒಂದು ಪುಸ್ತಕ ಅದ.

ಇವತ್ತಿಗೆ ಮಾತ್ರ, ರಕ್ತ ನೋಡಿ "ಈ ಹುಡುಗಿ ಕಣ್ಣು ಶುಗರಿನಿಂದ ಹೋಗ್ತದ" ಅಂತ ಹೇಳೋ ಜೀನ್ ಪರೀಕ್ಷೆ ಯಾವ ಆಸ್ಪತ್ರೆಯಲ್ಲೂ ಬಳಕೆಯಲ್ಲಿಲ್ಲ. ನಮ್ಮ ಅಕ್ಕಗ ಶುಗರ್ರೇ ಇಲ್ಲ. ಶುಗರ್ ಇಲ್ಲದ ಈ ರೋಗ ಇಲ್ಲ. ಲಂಡನ್, ಬಾಸ್ಟನ್, ಚೆನ್ನೈದವರಿಗೆ ಗೊತ್ತಿಲ್ಲದ್ದು ನಡುವಿನವರಿಗೆ ಹೆಂಗ ಗೊತ್ತಾತೋ.

ಭಾಗ 7

ಇಷ್ಟೆಲ್ಲಾ ಬರೆದು ನಾನು ಅಪ್ಪಗ ಹೇಳಿದ್ದು ಎರಡ ಮಾತು. ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಾಗ, ಟೈಪ್ 2 ಶುಗರ್ ಅದ ಅಂತ ಗೊತ್ತಾದ ಹೊತ್ತಿಗೇ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ರೆಟಿನಾದಲ್ಲಿ ಆಗಲೇ ಗುರುತು ಇತ್ತು. ಮತ್ತ, ಲೇಸರ್ ಸರಿಯಾದ ಹೊತ್ತಿಗೆ ಮಾಡಿದ್ರೆ ದೃಷ್ಟಿ ಪೂರಾ ಹೋಗೋ ಅಪಾಯ ಅರ್ಧಕ್ಕಿಂತ ಕಡಿಮೆ ಆಗ್ತದ ಅಂತ 1976ರಲ್ಲೇ ಅಮೆರಿಕದಲ್ಲಿ ಸಾಬೀತಾಗಿದೆ.

"ನನಗ ಛಲೋ ಕಾಣಸ್ತೈತಿಲೇ" ಅಂದ.

"ಆಯಿಗೂ ಮೊದಲ ಹಂಗ ಇತ್ತಲ್ಲ" ಅಂದೆ. ಅದಕ್ಕ ಮಾತಾಡಲಿಲ್ಲ. ಸೋಮವಾರ ಬೆಳಗ್ಗೆ ತಾನ ಅಂಗಿ ಹಾಕ್ಕೊಂಡು ಝಳಕಿ ಕ್ರಾಸಿಗೆ ಬಂದು ನಿಂತಿದ್ದ. ಗಾಡಿ ಬ್ಯಾಡ ಅಂದಿದ್ದೆ, ಕಣ್ಣಿಗೆ ಹನಿ ಹಾಕಿದ ಮ್ಯಾಲ ಕೆಲವು ತಾಸು ಓಡಸಾಕ ಆಗೋದಿಲ್ಲ. ಕೆಂಪು ಬಸ್ಸಿನಾಗ ವಿಜಯಪುರಕ್ಕ ಹೋದ್ವಿ.

ಹನಿ ಹಾಕಿ ಮುಕ್ಕಾಲು ತಾಸು ಕೂಡಿಸಿದರು. ಆಮ್ಯಾಲ ಒಂದು ಕ್ಯಾಮೆರಾ. ಕೊನೇ ಫೋಟೋ ಅದ, ಅಪ್ಪನ ಎಡಗಣ್ಣಿನ ರೆಟಿನಾ, ಅಪ್ಪನ್ನ ಕೇಳೇ ಹಾಕೀನಿ. ಕಿತ್ತಳೆ ಬಣ್ಣದ ಚಂದ್ರನಂಗ ಅದ. ಬಲಕ್ಕ ಕೆಳಗ ಝೂಮ್ ಮಾಡ್ರಿ, ಸಾಸಿವಿಗಿಂತ ಸಣ್ಣ ಎರಡು ಕೆಂಪು ಚುಕ್ಕಿ. ಭಾಳ ಆರಂಭದ್ದು, ಈಗ ಇಂಜೆಕ್ಷನ್ ಬ್ಯಾಡ, ಲೇಸರ್ ಬ್ಯಾಡ, ಶುಗರ್ ಬಿಪಿ ಹಿಡೀರಿ, ಆರು ತಿಂಗಳಿಗೆ ಮತ್ತ ಬರ್ರಿ ಅಂದರು ಡಾಕ್ಟರ್.

ಫೈಲ್ ಬರೆಯುವಾಗ ಕೇಳಿದರು: "ಮನ್ಯಾಗ ಯಾರಿಗರೆ ಶುಗರಿನಿಂದ ಕಣ್ಣು ಹೋಗ್ಯಾವೇನ್ರಿ?"

ಒಂದು ತಿಂಗಳಿಂದ ಆ ಮಾತು ಬಂದ್ರ ಎದ್ದು ಹೊರಗ ಹೋಗತಿದ್ದ ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮವ್ವನ್ವು. ಎರಡೂ" ಅಂದ. ಡಾಕ್ಟರ್ ಮುಖ ಬದಲಾಗಲಿಲ್ಲ. ಫೈಲಿನಾಗ ಅದಕ್ಕೊಂದು ಸಾಲು ಇತ್ತು, ಅಲ್ಲಿ ಬರಕೊಂಡರು. "ನಿಮ್ಮ ಅಣ್ತಮ್ಮರಿಗೂ ಶುಗರ್ ಇದ್ರ ಕರಕೊಂಡು ಬರ್ರಿ" ಅಂದರು. ಕಾಕಾಗ ಇನ್ನಾ ಹೇಳಿಲ್ಲ, ಹೇಳಬೇಕು.

ವಾಪಸ್ ಬರುವಾಗ ಅಪ್ಪಗ ಎಲ್ಲಾ ಮಂಜು, ಬಿಸಿಲಿಗೆ ಕಣ್ಣು ಬಿಡಾಕ ಆಗವಲ್ದು, ಟವೆಲ್ ಮಾರಿ ಮ್ಯಾಲ ಹಾಕ್ಕೊಂಡಿದ್ದ. ಟವೆಲ್ ಒಳಗಿಂದನ "ಅದ್ರಾಗ ಏನ ಬರದೀಪಾ, ಓದು ನೋಡೂಣು" ಅಂದ. ಮೊದಲನೇ ಭಾಗದಿಂದ ಶುರು ಮಾಡಿದೆ. ಅಕ್ಕನ ವಿಷಯ ಬಂದಾಗ ನಿಲ್ಲಸ್ತಾನೇನೋ ಅನ್ಕೊಂಡೆ, ನಿಲ್ಲಸಲಿಲ್ಲ. ಹೊರ್ತಿ ದಾಟೋದರಾಗ ಅವಳಿಗಳ ಭಾಗಕ್ಕ ಬಂದಿದ್ವಿ.

#ಝಳಕಿ #ವಿಜಯಪುರ #ಇತಿಹಾಸ #ಶುಗರ್‌ಕಣ್ಣು